ಹೇಳಿದವರ ಕಥೆ, ಬರೆದವರ ಹೆಸರು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹುಬ್ಬಳ್ಳಿಯಿಂದ ಧಾರವಾಡಕ್ಕೇ ಪೇಢೆ ತಂದಿದ್ದಳು, ನಕ್ಕು ಇಸಿದುಕೊಂಡೆ. ಎಂಟನೆಯ ಇಯತ್ತೆಯಲ್ಲಿ ನಿಬಂಧ ಬರೆಯಲು ಹೇಳಿದರೆ ಎರಡು ವಾಕ್ಯ ಬರೆದು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದ ಹುಡುಗಿ ಈಗ ಕಾದಂಬರಿ ಬರೆಯುತ್ತಿದ್ದಾಳೆ. ನನಗೆ ಆದ ಸಂತೋಷವನ್ನು ಬೇರೆ ಹೇಳಬೇಕಾಗಿಲ್ಲ. ಎರಡು ವರ್ಷಗಳಿಂದ ಹುಬ್ಬಳ್ಳಿಯ ಗಿರಣಿಚಾಳದ ಓಣಿಗಳಲ್ಲಿ ತಿರುಗಾಡಿ, ಹಿಂದೆ ಹತ್ತಿಯ ಗಿರಣಿಯಲ್ಲಿ ದುಡಿದ ಮುದುಕ ಮುದುಕಿಯರನ್ನು ಮಾತನಾಡಿಸಿ, ಅವರ ಮಾತುಗಳನ್ನು ಫೋನಿನಲ್ಲಿ ದಾಖಲಿಸಿಕೊಂಡಿದ್ದಾಳೆ. ಆ ಮಾತುಗಳಿಂದಲೇ ಕಾದಂಬರಿ. ನನ್ನಿಂದ ಎರಡು ಪುಟದ ಮುನ್ನುಡಿ ಬೇಕಾಗಿತ್ತು.

ಹಸ್ತಪ್ರತಿಯನ್ನು ಒಂದು ವಾರ ಓದಿದೆ. ಚೆನ್ನಾಗಿದೆ. ಎಷ್ಟು ಚೆನ್ನಾಗಿದೆಯೆಂದರೆ, ಅದರಲ್ಲಿಯ ಒಬ್ಬ ಮುದುಕಿಯ ಮಾತು ಓದುತ್ತಿದ್ದಾಗ ಇದು ಕಲ್ಪಿಸಿದ ಮಾತಲ್ಲ, ಯಾರೋ ನಿಜವಾಗಿ ಆಡಿದ ಮಾತು ಎಂದು ಒಮ್ಮೆಲೆ ತಿಳಿಯಿತು. ಆಕೆಯನ್ನು ಕೇಳಿದೆ: "ಇದನ್ನ ಹೇಳಿದಾಕೀಗೆ ನೀ ಕಾದಂಬರಿ ಬರೀತೀ ಅಂತ ಗೊತ್ತದ ಏನವಾ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಬದಲಿ ಮಾಡೇನಲ್ರೀ ಸರ, ಅಷ್ಟು ಸಾಕಾಗೂದಿಲ್ಲೇನು?" ಎಂದಳು.

ಸಾಕಾಗುವುದಿಲ್ಲ ಎಂದು ಅಂದು ಥಟ್ಟನೆ ಹೇಳಿಬಿಟ್ಟೆ. ಯಾಕೆ ಸಾಕಾಗುವುದಿಲ್ಲ ಎಂಬುದನ್ನು ಮಾತ್ರ ಸರಿಯಾಗಿ ಹೇಳಲಾಗಲಿಲ್ಲ. ಆ ಸಾಲವನ್ನು ತೀರಿಸಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನದೇ ಒಂದು ಹಳೆಯ ಋಣವೂ ಇದರಲ್ಲಿ ಸೇರಿಕೊಂಡಿದೆ. ಅದನ್ನು ಮೊದಲು ಹೇಳುವುದು ಪ್ರಾಮಾಣಿಕತೆ.

ನಾನು ಶಿಕ್ಷಕ ವೃತ್ತಿಗೆ ಸೇರಿದ ಹೊಸತರಲ್ಲಿ ಕಥೆ ಬರೆಯುವ ಹುಚ್ಚು ಇತ್ತೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಪರೀಕ್ಷೆಯ ಪೇಪರು ತಿದ್ದುವುದರಲ್ಲಿ ಪುರುಸೊತ್ತು ಆಗಲಿಲ್ಲ ಎಂದು ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ.

ನಮ್ಮ ಬಳಗದಲ್ಲಿ ಒಬ್ಬ ಹಿರಿಯ ಹೆಣ್ಣುಮಗಳಿದ್ದಳು. ಯಾವ ಸಂಬಂಧ, ಯಾವ ಊರು ಎಂದು ಇಲ್ಲಿ ಬರೆಯುವುದಿಲ್ಲ. ಬಂಧುಗಳು ದಯವಿಟ್ಟು ಊಹಿಸಲು ಹೋಗಬಾರದು. ಬೇಸಿಗೆಯ ರಜೆಯಲ್ಲಿ ಆಕೆಯ ಮನೆಗೆ ಹೋದಾಗ, ಶ್ಯಾವಿಗೆ ಹೊಸೆಯುತ್ತ, ಜೋಳ ಹಸನು ಮಾಡುತ್ತ, ತನ್ನ ಸಣ್ಣ ವಯಸ್ಸಿನಲ್ಲಿ ಗಂಡನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನನಗೆ ಹೇಳಿದಳು. ಒಂದೇ ದಿನ ಹೇಳಲಿಲ್ಲ. ಇಂದು ಸ್ವಲ್ಪ, ನಾಳೆ ಸ್ವಲ್ಪ, ನಡುವೆ ಎದ್ದು ಹೋಗಿ ಒಲೆಗೆ ಕಟ್ಟಿಗೆ ಹಾಕಿ ಬಂದು, ಮತ್ತೆ ಎಲ್ಲಿಗೋ ಹೋಗಿ, ಹೀಗೆ ಎಂಟು ಹತ್ತು ಸಂಜೆಗಳಲ್ಲಿ ಹೇಳಿದಳು. ನಾನು ಆ ವರ್ಷವೇ ಅದನ್ನು ಕಥೆ ಮಾಡಿದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಮನೆತನವನ್ನು ಬೇರೆ ಮಾಡಿದೆ. ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಸಂಭಾವನೆಯೂ ಬಂದಿತು. ಕಥೆಯ ಕೊನೆಯಲ್ಲಿ ನಾಯಕಿ ಭಾವಿಗೆ ಹಾರಿ ಸಾಯುತ್ತಿದ್ದಳು. ಅಂತಹ ಕಥೆಗೆ ಅದೇ ಯೋಗ್ಯವಾದ ಮುಕ್ತಾಯ ಎಂದು ಆಗ ನನಗೆ ಖಾತ್ರಿಯಿತ್ತು.

ಮುಂದಿನ ರಜೆಯಲ್ಲಿ ಅದೇ ಮನೆಯ ಪಡಸಾಲೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಆ ಪತ್ರಿಕೆಯನ್ನು ತಂದು, "ನಮ್ಮ ಅಣ್ಣನ ಕಥಿ" ಎಂದು ಎಲ್ಲರಿಗೂ ಓದಿ ಹೇಳಿದಳು. ಆಕೆಯೂ ಅಲ್ಲಿಯೇ ಕುಳಿತಿದ್ದಳು. ಅಕ್ಷರ ಬಾರದವಳು. ಕಥೆಯಲ್ಲಿ ನಾನು ಬದಲಿಸಲು ಮರೆತ, ಬದಲಿಸಲು ಮನಸ್ಸಾಗದ ಒಂದು ಸಣ್ಣ ವಿವರವಿತ್ತು. ಅದು ಬಂದ ಕೂಡಲೇ ಪಡಸಾಲೆಯಲ್ಲಿದ್ದ ಮತ್ತಿಬ್ಬರು ಹಿರಿಯರು ಆಕೆಯ ಮುಖವನ್ನು ನೋಡಿದರು. ಅಷ್ಟೇ. ಯಾರೂ ಏನೂ ಅನ್ನಲಿಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಆಕೆ ಮೆಲ್ಲಗೆ ಹೇಳಿದಳು: "ತಮ್ಮಾ, ನಾ ನಿನಗ ಹೇಳಿದ್ದೆ. ಊರಿಗೆ ಹೇಳಿದ್ದಿಲ್ಲ." ಸ್ವಲ್ಪ ತಡೆದು ಮತ್ತೆ, "ಅಷ್ಟೆಲ್ಲಾ ಆದರೂ ನಾ ಬದುಕಿದೆನಲ್ಲೋ. ನೀ ಯಾಕ ಕೊಂದಿ?" ಎಂದಳು.

ಸಿಟ್ಟಿನಿಂದ ಹೇಳಿದ ಮಾತಲ್ಲ. ತಾಟಿಗೆ ಸಾರು ಬಡಿಸುತ್ತಲೇ ಕೇಳಿದ ಪ್ರಶ್ನೆ. ಇಷ್ಟು ವರ್ಷಗಳಾದರೂ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ನಂತರ ಆಕೆ ಹನ್ನೊಂದು ವರ್ಷ ಬದುಕಿದ್ದಳು. ಎಂದಿನಂತೆ ಪ್ರೀತಿಯಿಂದಲೇ ಕಂಡಳು. ಆದರೆ ನನಗೆ ಮತ್ತೆ ಯಾವ ಕಥೆಯನ್ನೂ ಹೇಳಲಿಲ್ಲ.

ನನ್ನ ಅಪರಾಧ ಎರಡಾಗಿತ್ತು. ಒಂದು, ವಿಶ್ವಾಸದಿಂದ ಹೇಳಿದ್ದನ್ನು ಆಕೆಯನ್ನು ಕೇಳದೆ ಬಯಲಿಗೆ ಇಟ್ಟದ್ದು. ಎರಡನೆಯದು ಅದಕ್ಕಿಂತ ದೊಡ್ಡದು. ಆಕೆಯ ಬದುಕಿನ ಸಾರವೇ ಆಕೆ ಬದುಕಿ ಉಳಿದದ್ದರಲ್ಲಿತ್ತು. ಅದನ್ನು ನಾನು ಓದುಗರ ಕಣ್ಣೀರಿಗಾಗಿ ಅಳಿಸಿಹಾಕಿದ್ದೆ. ಗುಟ್ಟನ್ನು ಹೊರಹಾಕಿದವನೂ ನಾನೇ, ಸುಳ್ಳು ಹೇಳಿದವನೂ ನಾನೇ. ಹೆಸರು ಬದಲಿಸಿದ್ದರಿಂದ ಈ ಎರಡರಲ್ಲಿ ಒಂದೂ ತಪ್ಪಲಿಲ್ಲ.

ಇದು ನನ್ನೊಬ್ಬನ ಸಮಸ್ಯೆಯಾಗಿದ್ದರೆ ನಿಮ್ಮ ಮುಂದೆ ಇಡುತ್ತಿರಲಿಲ್ಲ. ನಮ್ಮ ಉತ್ತರ ಕರ್ನಾಟಕದ ಸಾಹಿತ್ಯವೇ ಬಹುಮಟ್ಟಿಗೆ ಬಾಯಿಮಾತಿನ ಇತಿಹಾಸದ ಮೇಲೆ ನಿಂತಿದೆ. ಎರಡು ಉದಾಹರಣೆಗಳನ್ನು ಎದುರುಬದುರಾಗಿ ಇಟ್ಟು ನೋಡೋಣ.

ಮೊದಲನೆಯದು ಹಲಗಲಿಯ ಬೇಡರ ಲಾವಣಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಕಾಯ್ದೆಗೆ ಒಪ್ಪದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದರು. ಕಂಪನಿಯ ದಂಡು ಊರನ್ನೇ ಸುಟ್ಟು ಹಾಳು ಮಾಡಿತು. ಈ ಸಂಗತಿ ಲಾವಣಿಯಾಗಿ ಬಾಯಿಂದ ಬಾಯಿಗೆ ಹರಿಯಿತು. ನಮ್ಮ ಭಾಗದಲ್ಲಿ ಅಧಿಕಾರಿಯಾಗಿದ್ದ, ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ ಇಂತಹ ಲಾವಣಿಗಳನ್ನು ಬರೆಯಿಸಿಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಮುಂದೆ ಹಲಗಲಿಯ ಲಾವಣಿ ನಮ್ಮ ಹತ್ತನೆಯ ತರಗತಿಯ ಪಠ್ಯಕ್ಕೂ ಬಂದಿತು. ಅದರಲ್ಲಿ ಹನುಮ, ಬಾಲ, ಜಡಗ, ರಾಮ ಎಂದು ಹೋರಾಡಿದವರ ಹೆಸರುಗಳಿವೆ. ಸರಕಾರಿ ಕಾಗದಗಳಲ್ಲಿ ಬಂಡುಕೋರರಾಗಿ ಮುಗಿದುಹೋಗುತ್ತಿದ್ದವರು ಲಾವಣಿಕಾರನ ದಯೆಯಿಂದ ವೀರರಾಗಿ ಉಳಿದರು. ಇಲ್ಲಿ ಹೆಸರನ್ನು ಬದಲಿಸಿದ್ದರೆ ಅದೇ ದ್ರೋಹವಾಗುತ್ತಿತ್ತು.

ಎರಡನೆಯದು ಸಂಗ್ಯಾ ಬಾಳ್ಯಾ. ಇದು ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯೆಂದೇ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸಣ್ಣಾಟದ ಕರ್ತೃತ್ವವನ್ನು ಅದೇ ಊರಿನ ಪತ್ತಾರ ಮಾಸ್ತರರಿಗೆ ಸಲ್ಲಿಸುವುದು ರೂಢಿ; ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಓದುಬಲ್ಲವರ ಲೋಕಕ್ಕೆ ತಂದರು. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಬೆಳಗಿನ ತನಕ ಕುಳಿತು ಈ ಆಟ ನೋಡಿದ್ದೇನೆ. ಸಂಗ್ಯಾ ಪರರ ಹೆಂಡತಿ ಗಂಗಿಗೆ ಮನಸೋಲುತ್ತಾನೆ; ಗೆಳೆಯ ಬಾಳ್ಯಾನೇ ಅವನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಕಲೆಯ ದೃಷ್ಟಿಯಿಂದ ಅದ್ಭುತ. ಆದರೆ ಇಳಿವಯಸ್ಸಿನಲ್ಲಿ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿದೆ. ಗಂಗಿ ಎಂಬಾಕೆ ನಿಜವಾಗಿ ಇದ್ದದ್ದೇ ಆದರೆ, ಆಕೆಯನ್ನು ಯಾರು ಕೇಳಿದರು? ಆಟದಲ್ಲಿ ಆಕೆಯ ಬಾಯಲ್ಲಿ ಇರುವ ಮಾತುಗಳೆಲ್ಲ ಗಂಡಸರು ಕಟ್ಟಿದವು. ಬಹುಕಾಲ ಆ ವೇಷ ಕಟ್ಟಿದವರೂ ಗಂಡಸರೇ. ನೂರು ವರ್ಷಗಳಿಗೂ ಮೇಲ್ಪಟ್ಟು ಊರೂರ ಜಾತ್ರೆಯಲ್ಲಿ ಆಕೆಯ ಹೆಸರು ಕೂಗಿ ಹೇಳಲ್ಪಟ್ಟಿದೆ. ಆಕೆಯ ತವರಿನವರು ಆ ಜಾತ್ರೆಗಳಲ್ಲಿ ಎಲ್ಲಿ ಮುಖ ಮರೆಸಿಕೊಂಡು ಕುಳಿತಿದ್ದರೋ!

ಒಂದರಲ್ಲಿ ಹೆಸರು ಉಳಿಸಿದ್ದು ಮಾನ, ಇನ್ನೊಂದರಲ್ಲಿ ಹೆಸರು ಉಳಿಸಿದ್ದು ಅವಮಾನ. ಆದುದರಿಂದ "ಹೆಸರು ಬದಲಿಸಿದರೆ ಸಾಕೇ" ಎಂಬ ಪ್ರಶ್ನೆಗೆ ನಿಯಮದಂತೆ ಒಂದೇ ಉತ್ತರವಿಲ್ಲ. ಹೇಳಿದವರಿಗೆ ಏನು ಬೇಕಾಗಿತ್ತು ಎಂಬುದೇ ಮೂಲ ಪ್ರಶ್ನೆ. ಹಲಗಲಿಯವರಿಗೆ ತಮ್ಮ ಹೆಸರು ಉಳಿಯಬೇಕಾಗಿತ್ತು ಎಂದು ನಾವು ಧೈರ್ಯವಾಗಿ ಹೇಳಬಹುದು. ಗಂಗಿಗೆ ಬೇಕಾಗಿತ್ತು ಎಂದು ಯಾರೂ ಹೇಳಲಾರರು.

ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. 2015ರಲ್ಲಿ ನೊಬೆಲ್ ಪಡೆದ ಬೆಲಾರುಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೇವಿಚ್ ನೂರಾರು ಜನರ ಮಾತುಗಳನ್ನು ದಾಖಲಿಸಿ, ಅವುಗಳನ್ನೇ ಹೆಣೆದು ಪುಸ್ತಕ ಮಾಡಿದವರು. ಅಫಘಾನಿಸ್ತಾನದ ಯುದ್ಧಕ್ಕೆ ಹೋಗಿ ಸತುವಿನ ಪೆಟ್ಟಿಗೆಯಲ್ಲಿ ಹೆಣವಾಗಿ ಮರಳಿದ ಹುಡುಗರ ಕುರಿತು ಆಕೆ ಬರೆದ ಪುಸ್ತಕದ ಮೇಲೆ 1993ರಲ್ಲಿ ಮಿನ್ಸ್ಕ್ ನಗರದಲ್ಲಿ ಮೊಕದ್ದಮೆ ನಡೆಯಿತು. ಹೂಡಿದವರು ಯಾರು? ಆಕೆಯ ಮುಂದೆ ಕುಳಿತು ಅತ್ತು ಹೇಳಿಕೊಂಡವರೇ. ತಾವು ಹೇಳಿದ್ದು ಹೀಗಲ್ಲ, ತಮ್ಮ ಮಾತು ತಿರುಚಲ್ಪಟ್ಟಿದೆ ಎಂದು ಅವರ ದೂರು. ಅದರ ಹಿಂದೆ ರಾಜಕೀಯದ ಒತ್ತಡವೂ ಇತ್ತೆಂದು ಹೇಳುವವರಿದ್ದಾರೆ. ಏನೇ ಇರಲಿ, ಆಕೆ ಮಾಡಿದ ಒಂದು ಕೆಲಸ ನನಗೆ ಮೆಚ್ಚಿಗೆಯಾಯಿತು: ಮೊಕದ್ದಮೆಯ ಕಾಗದಪತ್ರಗಳನ್ನು ಪುಸ್ತಕದ ಮುಂದಿನ ಆವೃತ್ತಿಗಳಲ್ಲಿ ಸೇರಿಸಿದರು. ತನ್ನ ಮೇಲಿನ ಆರೋಪವನ್ನೂ ಓದುಗನ ಮುಂದಿಟ್ಟರು.

ಅಮೇರಿಕೆಯಲ್ಲಿ 2009ರಲ್ಲಿ ಬಂದ 'ದಿ ಹೆಲ್ಪ್' ಎಂಬ ಕಾದಂಬರಿ ಬಿಳಿಯರ ಮನೆಗಳಲ್ಲಿ ದುಡಿಯುವ ಕರಿಯ ಹೆಣ್ಣುಮಕ್ಕಳ ಕುರಿತಾದದ್ದು. ಲೇಖಕಿಯ ಅಣ್ಣನ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳು, ಇದರಲ್ಲಿಯ ಒಂದು ಪಾತ್ರ ನಾನೇ, ನನ್ನನ್ನು ಕೇಳಲಿಲ್ಲ ಎಂದು 2011ರಲ್ಲಿ ನ್ಯಾಯಾಲಯಕ್ಕೆ ಹೋದಳು. ದಾವೆ ಹೂಡುವ ಕಾಲಮಿತಿ ಮೀರಿದೆ ಎಂಬ ಕಾರಣದಿಂದ ಅದು ವಜಾ ಆಯಿತು. ಆಕೆಯ ದೂರು ನಿಜವೋ ಅಲ್ಲವೋ ಎಂಬ ವಿಚಾರಕ್ಕೆ ನ್ಯಾಯಾಲಯ ಹೋಗಲೇ ಇಲ್ಲ. ಕಾಯ್ದೆಗೆ ಕಾಲಮಿತಿಯಿದೆ, ನೊಂದ ಮನಸ್ಸಿಗೆ ಇದೆಯೇ? ಆದ್ದರಿಂದ ಇದನ್ನು ಕಾಯ್ದೆಗೆ ಬಿಟ್ಟು ಕೈತೊಳೆದುಕೊಳ್ಳುವುದು ಸಾಧ್ಯವಿಲ್ಲ. ಬರೆಯುವವನ ಅಂತಃಕರಣವೇ ಇಲ್ಲಿ ನ್ಯಾಯಾಧೀಶ.

ಈಗ ಎದುರುವಾದಕ್ಕೆ ಬರುತ್ತೇನೆ. ನನ್ನ ವಿದ್ಯಾರ್ಥಿನಿಯೂ ಅಂದು ಸುಮ್ಮನೆ ಬಿಡಲಿಲ್ಲ. "ಎಲ್ಲಾರನೂ ಕೇಳಿಕೋತ ಕುಂತರ ಸಾಹಿತ್ಯನ ಹುಟ್ಟೂದಿಲ್ರೀ ಸರ" ಎಂದಳು. ಅದರಲ್ಲಿ ಸತ್ಯಾಂಶವಿದೆ. ಬಸವರಾಜ ಕಟ್ಟೀಮನಿಯವರು 'ಜರತಾರಿ ಜಗದ್ಗುರು' ಬರೆಯುವ ಮೊದಲು ಮಠಾಧೀಶರ ಒಪ್ಪಿಗೆ ಕೇಳಬೇಕಾಗಿತ್ತೇ? ಕೇಳಿದ್ದರೆ ಕಾದಂಬರಿಯೇ ಬರುತ್ತಿರಲಿಲ್ಲ. ದೊಡ್ಡವರ ಗುಟ್ಟು ಬೇರೆ, ಬಡವರ ಗುಟ್ಟು ಬೇರೆ. ಅಧಿಕಾರದಲ್ಲಿದ್ದವನು ಮುಚ್ಚಿಟ್ಟದ್ದು ಸಾಮಾನ್ಯವಾಗಿ ಇನ್ನೊಬ್ಬರಿಗೆ ಮಾಡಿದ ಅನ್ಯಾಯ. ಅದನ್ನು ಬಯಲು ಮಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಗಿರಣಿಚಾಳದ ಮುದುಕಿ ಮುಚ್ಚಿಟ್ಟದ್ದು ಆಕೆಗೇ ಆದ ನೋವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕಟ್ಟೀಮನಿಯವರ ಧೈರ್ಯವನ್ನು ನಾವು ದುರ್ಬಲರ ಮೇಲೆ ತೋರಿಸಿದರೆ ಅದು ಧೈರ್ಯವೇ ಅಲ್ಲ.

ಇನ್ನೊಂದು ಎದುರುವಾದ ಇದಕ್ಕಿಂತ ಆಳವಾದದ್ದು. ಹೇಳದೆ ಉಳಿದ ಕಥೆ ಕೊಳೆಯುತ್ತದೆ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಎ. ಕೆ. ರಾಮಾನುಜನ್ ನಮ್ಮ ಭಾಗದ ಜನಪದ ಕಥೆಗಳನ್ನು ಕೂಡಿಸಿದರಷ್ಟೆ. ಅವರು ಬರೆದಿಟ್ಟ ಕನ್ನಡ ಕಥೆಗಳಲ್ಲಿ ಒಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಬರುತ್ತಿರುತ್ತದೆ, ಯಾರಿಗೂ ಹೇಳಳು. ಬೇಸತ್ತ ಕಥೆ ಮತ್ತು ಹಾಡು ಆಕೆ ಮಲಗಿದಾಗ ಹೊರಬಿದ್ದು, ಜೋಡು ಮತ್ತು ಅಂಗಿಯ ರೂಪ ತಾಳಿ, ಆಕೆಯ ಗಂಡನ ಮನಸ್ಸಿನಲ್ಲಿ ಸಂಶಯ ಹುಟ್ಟಿಸಿ ಸೇಡು ತೀರಿಸಿಕೊಳ್ಳುತ್ತವೆ. ರಾಮಾನುಜನ್ ಅವರಿಂದ ಕೇಳಿದ ಇಂತಹ ಕಥೆಗಳಿಂದಲೇ ಗಿರೀಶ ಕಾರ್ನಾಡರು 'ನಾಗಮಂಡಲ' ಕಟ್ಟಿದರು. ಅಲ್ಲಿ ಕಥೆಯೇ ಹೆಣ್ಣಾಗಿ ರಂಗದ ಮೇಲೆ ಬರುತ್ತದೆ. ಕಥೆಗೆ ಹೊರಬರುವ ಹಂಬಲವಿದೆಯೆಂದು ನಾನೂ ಒಪ್ಪುತ್ತೇನೆ. ಬಡವರ ಕಥೆಗಳನ್ನು ಮುಟ್ಟಲೇಬಾರದೆಂದು ನಾವು ದೂರ ನಿಂತರೆ ಗಿರಣಿಚಾಳದ ಆ ಜೀವಗಳು ಹೇಳಹೆಸರಿಲ್ಲದೆ ಹೋಗುತ್ತವೆ, ಪುಸ್ತಕಗಳಲ್ಲಿ ಗಿರಣಿಯ ಮಾಲಕರ ಹೆಸರಷ್ಟೇ ಉಳಿಯುತ್ತದೆ. ಅದೂ ಒಂದು ಅನ್ಯಾಯವೇ. ಆದರೆ ಒಂದು ಮಾತನ್ನು ಮರೆಯಬಾರದು: ಆ ಜನಪದ ಕಥೆ ತಪ್ಪು ಹೊರಿಸುವುದು ಕಥೆಯನ್ನು ಬಲ್ಲವಳು ಹೇಳಲಿಲ್ಲ ಎಂದು. ಬೇರೆಯವರು ಆಕೆಯ ಬಾಯಿಂದ ಕಿತ್ತುಕೊಳ್ಳಬೇಕಾಗಿತ್ತು ಎಂದು ಎಲ್ಲಿಯೂ ಹೇಳುವುದಿಲ್ಲ.

ಹೇಳುವವರೇ ಹೇಳಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನದೇ ಉತ್ತಮ ನಿದರ್ಶನವಿದೆ. ಗಂಗೂಬಾಯಿ ಹಾನಗಲ್ಲರು ತಮ್ಮ ಜೀವನವನ್ನು ಎನ್ಕೆ ಕುಲಕರ್ಣಿಯವರಿಗೆ ಹೇಳಿ ಬರೆಯಿಸಿದ ಪುಸ್ತಕ 'ನನ್ನ ಬದುಕಿನ ಹಾಡು'. ಹಾಡುವವಳ ಮಗಳೆಂದು ಬಾಲ್ಯದಲ್ಲಿ ಉಂಡ ಅವಮಾನಗಳನ್ನು ಗಂಗೂಬಾಯಿ ಮುಚ್ಚಿಟ್ಟವರಲ್ಲ. ಧಾರವಾಡದಲ್ಲಿ ಅನ್ಯರ ತೋಟಕ್ಕೆ ಮಾವಿನಕಾಯಿಗಾಗಿ ಹೊಕ್ಕು ಬೈಸಿಕೊಂಡದ್ದನ್ನು, ಮುಂದೆ ಅದೇ ಜನ ತಮ್ಮನ್ನು ಕರೆದು ಆದರಿಸಿದ್ದನ್ನು ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಬಾಲಕಿಯ ಮನಸ್ಸಿನಲ್ಲಿ, ಊಟವಾದ ಮೇಲೆ ಎಲೆ ತೆಗೆಯಲು ನನಗೆ ಹೇಳಿಯಾರೋ ಎಂಬ ಅಂಜಿಕೆ ಇತ್ತೆಂಬುದನ್ನೂ ನೆನಪಿಸಿಕೊಂಡಿದ್ದಾರೆ. ಇದನ್ನೇ ಒಬ್ಬ ಕಾದಂಬರಿಕಾರ ಅವರನ್ನು ಕೇಳದೆ ಬರೆದಿದ್ದರೆ ಅದು ಕರುಣಾರಸವಾಗುತ್ತಿತ್ತು. ಅವರೇ ಹೇಳಿದಾಗ ಅದು ಘನತೆಯಾಯಿತು. ಹಾಗೆಯೇ ಬಿ. ವಿ. ಕಾರಂತರ ಆತ್ಮಕಥೆ 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ'. ಕಾರಂತರು ಹೇಳಿದರು, ವೈದೇಹಿಯವರು ಬರೆದರು. ಇಬ್ಬರ ಪಾಲೂ ಓದುಗನಿಗೆ ತಿಳಿದಿದೆ. ವೈದೇಹಿ ಸ್ವತಃ ದೊಡ್ಡ ಕಥೆಗಾರ್ತಿ. ಆ ಸಾಮಗ್ರಿಯನ್ನು ಕಾದಂಬರಿ ಮಾಡಿಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲವೇ? ಕಿವಿಯಾಗಿ ಉಳಿದದ್ದು ಅವರ ದೊಡ್ಡತನ.

ಪ್ರಸಿದ್ಧರಿಗೆ ಹೀಗೆ ಬರೆದುಕೊಡುವವರು ಸಿಗುತ್ತಾರೆ. ಅಪ್ರಸಿದ್ಧರಿಗೆ ಸಿಗುವುದಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿ ಕನ್ನಡಕ್ಕೆ ಮಹದುಪಕಾರ ಮಾಡಿದರು. ಅವರ ಋಣ ತೀರುವಂಥದ್ದಲ್ಲ. ಆದರೂ ಆ ಶೀರ್ಷಿಕೆಯಲ್ಲಿರುವುದು 'ಗರತಿ' ಎಂಬ ಒಂದು ಸಾಮಾನ್ಯನಾಮ. ಬೀಸುಕಲ್ಲಿನ ಮುಂದೆ ಕುಳಿತು ಹಾಡಿದವರು ಯಾವ ಊರಿನ ಯಾರೆಂದು ನಾವು ಯಾವ ತರಗತಿಯಲ್ಲಿಯೂ ಕೇಳಲಿಲ್ಲ, ಹೇಳಿಕೊಡಲೂ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದ ನಾನೂ ಆ ತಪ್ಪಿನಲ್ಲಿ ಪಾಲುದಾರ.

ಇಷ್ಟೆಲ್ಲ ಯೋಚಿಸಿ ನನ್ನ ವಿದ್ಯಾರ್ಥಿನಿಗೆ ನಾಲ್ಕು ಮಾತು ಬರೆದು ಕಳಿಸಿದ್ದೇನೆ. ನಿಮ್ಮಲ್ಲಿ ಬರೆಯುವವರಿಗೂ ಉಪಯೋಗವಾದೀತೆಂದು ಇಲ್ಲಿ ಕಾಣಿಸುತ್ತೇನೆ.

ಒಂದು, ಫೋನು ತೆಗೆಯುವ ಮೊದಲೇ ಹೇಳಬೇಕು: ಅವ್ವಾ, ಇದರಿಂದ ನಾನು ಕಥೆ ಬರೆಯುವವಳಿದ್ದೇನೆ, ಅದನ್ನು ಯಾರು ಬೇಕಾದರೂ ಓದುತ್ತಾರೆ ಎಂದು. ಹಾಗೆ ಹೇಳಿದರೆ ಕೆಲವರು ಬಾಯಿ ಮುಚ್ಚಬಹುದು. ಮುಚ್ಚಲಿ. ಸುಮ್ಮನಿರುವುದೂ ಅವರ ಹಕ್ಕು.

ಎರಡು, ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳಬೇಕು. ಅಕ್ಷರ ಬಾರದವರಿಗಂತೂ ಕಡ್ಡಾಯವಾಗಿ. ನನ್ನ ಕಥೆಯನ್ನು ಆಕೆಗೆ ನಾನೇ ಮೊದಲು ಓದಿ ಹೇಳಿದ್ದರೆ ಆ ಪಡಸಾಲೆಯ ಸಂಜೆ ಬರುತ್ತಿರಲಿಲ್ಲ.

ಮೂರು, ಹೇಳಿದವರ ಕಥೆಯೊಳಗೆ ಹೇಳದವರೂ ಇರುತ್ತಾರೆ. ಅತ್ತೆ, ನೆಗೆಣ್ಣಿ, ಬಿಟ್ಟುಹೋದ ಗಂಡ, ಮುಕಾದಮ. ಅವರ ಮಕ್ಕಳು ಮೊಮ್ಮಕ್ಕಳು ಅದೇ ಓಣಿಯಲ್ಲಿ ಬದುಕುತ್ತಿರುತ್ತಾರೆ. ದೂರದ ಓದುಗ ಗುರುತು ಹಿಡಿಯಲಾರ, ಓಣಿ ಹಿಡಿಯುತ್ತದೆ. ಹೆಸರು ಬದಲಿಸಿದರೆ ಸಾಕೇ ಎಂದು ಅಳೆಯಬೇಕಾದದ್ದು ಆ ಓಣಿಯ ಕಣ್ಣಿನಿಂದ.

ನಾಲ್ಕನೆಯದು ನನ್ನ ಅನುಭವದ್ದು. ಕಲ್ಪಿಸಿರಿ, ಕಲ್ಪಿಸದೆ ಕಾದಂಬರಿಯಿಲ್ಲ. ಇಬ್ಬರನ್ನು ಒಬ್ಬರನ್ನಾಗಿ ಮಾಡಿರಿ, ಕಾಲವನ್ನು ಹಿಂದೆ ಮುಂದೆ ಮಾಡಿರಿ. ಆದರೆ ಯಾವ ಒಂದು ಸಂಗತಿಯ ಬಲದಿಂದ ಆ ಜೀವ ಬದುಕಿ ಬಂದಿದೆಯೋ ಅದನ್ನು ಮುಟ್ಟಬೇಡಿರಿ. ಬದುಕಿದವರನ್ನು ಭಾವಿಗೆ ಹಾರಿಸಬೇಡಿರಿ.

ಮೊನ್ನೆ ರವಿವಾರ ಆಕೆಯ ಫೋನು ಬಂದಿತ್ತು. ಹಸ್ತಪ್ರತಿಯನ್ನು ತೆಗೆದುಕೊಂಡು ಮತ್ತೆ ಗಿರಣಿಚಾಳಕ್ಕೆ ಹೋಗಿದ್ದಳಂತೆ. ಆ ಮುದುಕಿಗೆ ಮೂರು ಅಧ್ಯಾಯ ಓದಿ ಹೇಳಿದಳಂತೆ. ಮುದುಕಿ ಎರಡು ಸಂಗತಿಗಳನ್ನು ತೆಗೆಸಿದ್ದಾಳೆ. ಇದು ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದ ಮಾತೆಂದರೆ, ಹಿಂದೆ ಹೇಳದೆ ಬಿಟ್ಟಿದ್ದ ಇನ್ನೊಂದು ಸಂಗತಿಯನ್ನು ತಾನಾಗಿಯೇ ಹೇಳಿ, "ಇದನ್ನ ಹಾಕು. ನನ್ನ ಹೆಸರಲೇ ಹಾಕು" ಎಂದಳಂತೆ.

ನನಗೆ ಆ ಅವಕಾಶ ದೊರೆಯಲಿಲ್ಲ, ದೊರಕಿಸಿಕೊಳ್ಳಲಿಲ್ಲ. ಮುನ್ನುಡಿಯನ್ನು ಮಾತ್ರ ಬರೆದುಕೊಡುತ್ತೇನೆಂದು ಒಪ್ಪಿದ್ದೇನೆ. ಪುಸ್ತಕ ಬಂದಾಗ ನಿಮಗೆಲ್ಲ ತಿಳಿಸುತ್ತೇನೆ, ಕೊಂಡು ಓದಿರಿ. ಈ ವಿಚಾರದಲ್ಲಿ ನಿಮ್ಮ ಮನೆಯ ಹಿರಿಯರ ಅಭಿಪ್ರಾಯವನ್ನೂ ಕೇಳಿ ನನಗೆ ಬರೆದರೆ ಸಂತೋಷ. ಕೇಳುವಾಗ, ಮಾಸ್ತರರಿಗೆ ಬರೆದು ತಿಳಿಸಲಿಕ್ಕೆ ಕೇಳುತ್ತಿದ್ದೇನೆ ಎಂದು ಅವರಿಗೆ ಮೊದಲೇ ಹೇಳಿರಿ.